ಉಚಿವಾ ಮೇಲೆ ನನ್ನ ಮೊಲ ಕಡೆಗೂ ನೆಟ್ಟಗೆ ಕೂತಿತು

"ಅಚ್ಚು ಹಾಕಿದ ಕಾಗದ ನೆನೆಸಿದರೆ ಬಣ್ಣ ಹರಿದುಹೋಗುತ್ತೆ, ಸುಮ್ಮನೆ ಕಾಗದ ಹಾಳು." ಉಚಿವಾ ಅಂದರೆ ಬಿದಿರು ಕಡ್ಡಿಗಳಿಗೆ ಕಾಗದ ಅಂಟಿಸಿ ಮಾಡುವ, ಮಡಿಸಲಾಗದ ಜಪಾನಿ ಬೀಸಣಿಗೆ. ಚಿತ್ರ ಅಚ್ಚಾದ ಕಾಗದವನ್ನು ನೆನೆಸಿ ಅಂಟಿಸುತ್ತೇನೆ ಎಂದಾಗ ಜಪಾನಿನ ಮಾರುಗಾಮೆ ಊರಿನಲ್ಲಿ ಈ ಮಾತು ಹೇಳಿದವರು ಒಬ್ಬಿಬ್ಬರಲ್ಲ. ನನಗೆ ಬಿದಿರು ಹಿಡಿಯಲು ಕಲಿಸಿದ ಯಜಮಾನರೂ ತಲೆ ಆಡಿಸಿದ್ದರು. ಹೋದ ಬೇಸಿಗೆಯಲ್ಲಿ 40 ಬೀಸಣಿಗೆ ಮಾಡಿದೆ, 36 ಮಾರಾಟವಾದವು. ಒಂದರಲ್ಲೂ ಬಣ್ಣ ಹರಿದಿಲ್ಲ.

ನಾನಿರುವುದು ಅದೇ ಕಗಾವಾ ಪ್ರಾಂತ್ಯದ ತಕಾಮಾತ್ಸುವಿನಲ್ಲಿ. ಇಲ್ಲಿನ ಕೊಂಪಿರಾ ದೇಗುಲದ ಯಾತ್ರಿಕರು ಕೆಂಪು ಬೀಸಣಿಗೆ ಕೊಂಡೊಯ್ಯುತ್ತಿದ್ದ ಕಾಲದಿಂದ ಮಾರುಗಾಮೆಗೆ ಇದೇ ಕಸುಬು. ಒಂದು ಬೀಸಣಿಗೆಗೆ ಇಲ್ಲಿಯವರು 47 ಹಂತ ಎಂದು ಎಣಿಸುತ್ತಾರೆ. ಬಿದಿರಿನ ಒಂದು ತುದಿಯನ್ನು ಕಡ್ಡಿಗಳಾಗಿ ಸೀಳುವುದು, ಗಂಟಿನವರೆಗೆ ತಿರುಚಿ ಬಿಡಿಸುವುದು, ಬಿಲ್ಲು (ಕಡ್ಡಿಗಳನ್ನು ಅಗಲವಾಗಿ ಹಿಡಿದಿಡುವ ಬಾಗಿದ ಬಿದಿರು) ಸೇರಿಸಿ ದಾರ ಹೆಣೆಯುವುದು ಅವುಗಳಲ್ಲಿ ಕೆಲವು. ಒಂದು ಬೀಸಣಿಗೆಗೆ ನನ್ನ ಕೈಗೆ ಸಲೀಸಾಗಿ ಬರುವುದು 37 ಕಡ್ಡಿ. ಬಿದಿರು ಮದಾಕೆ ಎಂಬ ಜಾತಿಯದು, ನವೆಂಬರ್ ಮೇಲೆ ಕಡಿದದ್ದು. ಒಮ್ಮೆ ಅವಸರಕ್ಕೆ ಜೂನ್‌ನಲ್ಲಿ ಕಡಿದದ್ದನ್ನು ತಂದೆ. ಮೂರು ತಿಂಗಳಲ್ಲಿ ಹಿಡಿಯಿಂದ ಹಿಟ್ಟು ಉದುರತೊಡಗಿತು, ಹುಳು ಬಿದ್ದಿತ್ತು. 12 ಚೌಕಟ್ಟು ಒಲೆಗೆ ಹೋದವು.

ನನಗೆ ಬೇಕಿದ್ದದ್ದು ಅಲೆಗಳ ಮೇಲೆ ಓಡುವ ಬಿಳಿ ಮೊಲ. ಜಪಾನಿನಲ್ಲಿ ಬಲು ಹಳೆಯ ಚಿತ್ತಾರ ಇದು. ಇಲ್ಲಿಯವರಿಗೂ ಚಂದ್ರನಲ್ಲಿ ಮೊಲವೇ ಕಾಣುತ್ತದೆ, ಅಲ್ಲಿ ಅದು ಮೋಚಿ ಎಂಬ ತಿನಿಸಿಗೆ ಬೆಂದ ಅಕ್ಕಿ ಕುಟ್ಟುತ್ತಿರುತ್ತದೆ. ನನ್ನಜ್ಜಿ ಅಂಗಳದಲ್ಲಿ ಕೂರಿಸಿಕೊಂಡು ತೋರಿಸಿದ್ದೂ ಅದೇ ಮೊಲ. ಅದಕ್ಕೇ ಬೇರೆ ಪ್ರಾಣಿ ಮನಸ್ಸಿಗೆ ಬರಲೇ ಇಲ್ಲ.

ತೊಂದರೆ ಅಂಟಿಸುವಾಗ. ಒಣ ಕಾಗದವನ್ನು ಅಂಟು ಬಳಿದ ಕಡ್ಡಿಗಳ ಮೇಲೆ ಇಟ್ಟರೆ ಕಡ್ಡಿ ತಾಗಿದ ಕಡೆ ಮಾತ್ರ ನೆನೆದು ಹಿಗ್ಗುತ್ತದೆ, ನಡುವೆ ಹಾಗೇ ಇರುತ್ತದೆ. ಆರಿದ ಮೇಲೆ ಕಾಗದವೆಲ್ಲ ಸುಕ್ಕು. ಮೊಲದ ಕಿವಿ ಮುರಿದಂತೆ, ಅಲೆ ಒಡೆದಂತೆ ಕಾಣುತ್ತಿತ್ತು. ಕೋಝೋ ಗಿಡದ ನಾರಿನ ಕಾಗದ ಹಾಳೆಗೆ ಸುಮಾರು 450 ಯೆನ್. ಮೊದಲ ವರ್ಷ 70 ಹಾಳೆ ಹಾಳಾದವು, ಅಂದರೆ 30 ಸಾವಿರ ಯೆನ್ ಮೇಲೆ. ಮನೆಯಲ್ಲಿ ಆ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ ಹೇಳಲು ನನಗೆ ಧೈರ್ಯ ಬಂದಿರಲಿಲ್ಲ.

ಇಡೀ ಹಾಳೆ ಸಮನಾಗಿ ನೆನೆದಿದ್ದರೆ ಸಮನಾಗಿ ಬಿಗಿಯುತ್ತದೆ, ತಮಟೆಗೆ ಚರ್ಮ ಬಿಗಿದ ಹಾಗೆ. ಅದಕ್ಕೆ ಬಣ್ಣ ನಿಲ್ಲಬೇಕು. ಅಚ್ಚು ಹಾಕುವ ಬಣ್ಣವನ್ನು ಸೋಯಾ ಹಾಲಿನಲ್ಲಿ ಕಲಸುವುದು ಇಲ್ಲಿ ಹಳೆಯ ಪದ್ಧತಿ. ಎಲ್ಲರೂ ಎರಡು ದಿನ ಆರಿಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ನಾನು ಮೂರು ವಾರ ನೆರಳಿನಲ್ಲಿ ನೇತುಹಾಕಿದೆ. ಆಮೇಲೆ ಒಂದು ತುಂಡನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ನೀರು ತಿಳಿಯಾಗಿಯೇ ಇತ್ತು. ಯಜಮಾನರು ಆ ತುಂಡನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು, ಬೆರಳನ್ನೂ ನೋಡಿಕೊಂಡರು, ಏನೂ ಹೇಳದೆ ಇನ್ನೊಂದು ಹಾಳೆ ಕೇಳಿದರು.

ಹಾಳೆ ನೆನೆಸಲು ನೀರು ಚಿಮುಕಿಸಿದರೆ ಮಾತ್ರ ಕೆಟ್ಟಿರಿ. ನಾನು ಹಾಗೆ ಮಾಡಿದ 5 ಬೀಸಣಿಗೆಗಳಲ್ಲಿ ಕಾಗದ ಎಳೆದ ಎಳೆತಕ್ಕೆ ಬಿಲ್ಲೇ ಸೊಟ್ಟಗಾಯಿತು. ಹಿಂಡಿದ ಬಟ್ಟೆಯ ನಡುವೆ ಹಾಳೆ ಇಟ್ಟು ರಾತ್ರಿ ಬಿಡಬೇಕು. ಮುಟ್ಟಿದರೆ ತಣ್ಣಗಿರಬೇಕು, ಕೈಗೆ ಒದ್ದೆ ಹತ್ತಬಾರದು.

ಇನ್ನು ಕಣ್ಣು. ಮೊಲದ ಕೆಂಪು ಕಣ್ಣು ಕಡ್ಡಿಯ ಮೇಲೆ ಬಿದ್ದರೆ ಏಣು ಎದ್ದು ಸೀಳಿದಂತೆ ಕಾಣುತ್ತದೆ. ಅದಕ್ಕೇ ಹಾಳೆಯ ಸುತ್ತ ಎರಡು ಬೆರಳು ಕಾಗದ ಹೆಚ್ಚಿಗೆ ಬಿಡುತ್ತೇನೆ. ಚೌಕಟ್ಟನ್ನು ಕಿಟಕಿ ಬೆಳಕಿಗೆ ಹಿಡಿದು, ಎರಡು ಕಡ್ಡಿಗಳ ನಡುವಿನ ಸಂದಿಗೆ ಕಣ್ಣು ಬರುವ ಹಾಗೆ ಸರಿಸಿ, ಆಮೇಲೆ ಒತ್ತುತ್ತೇನೆ.

ಅಂಟಿನಲ್ಲಿ ಊರಿನ ಪ್ರಯೋಗವನ್ನೂ ಮಾಡಿದೆ. ಪೋಸ್ಟರ್ ಅಂಟಿಸುವವರ ಹಾಗೆ ಮೈದಾ ಗಂಜಿಗೆ ಚಿಟಿಕೆ ಮೈಲುತುತ್ತ ಹಾಕಿದೆ. ಹುಳು ಬರಲಿಲ್ಲ, ಆದರೆ ಬಿಳಿ ಮೊಲಕ್ಕೆ ಹಸಿರು ಛಾಯೆ ಬಂತು. ಚಳ್ಳಕೆರೆ ಕಡೆ ಕಂಬಳಿ ನೂಲಿಗೆ ಹಚ್ಚುವ ಹುಣಸೆ ಬೀಜದ ಸರಿ ನೆನಪಾಗಿ ಅಮ್ಮನಿಂದ ಅರ್ಧ ಕಿಲೋ ಪುಡಿ ತರಿಸಿಕೊಂಡೆ. ಹಿಡಿತ ಅದ್ಭುತ, ಬಣ್ಣ ಮಾತ್ರ ಕಂದು. ಈಗ ಅಂಚಿನ ಪಟ್ಟಿಗೆ ಅದೇ. ಉಳಿದ ಕಡೆ ಇಲ್ಲಿನ ಗೋಧಿ ಪಿಷ್ಟದ ಅಂಟು, ಜೊತೆಗೆ ಇನ್ನೊಂದು ವಸ್ತು. ಅದು ನನ್ನ ಬಳಿಯೇ ಇರಲಿ.

ಒಂದಕ್ಕೆ ಖರ್ಚು 1100 ಯೆನ್ ಆಸುಪಾಸು, ಕೂಲಿ ಬಿಟ್ಟು. 3200ಕ್ಕೆ ಮಾರಿದೆ. ಉಳಿದ ನಾಲ್ಕರಲ್ಲಿ ಎರಡು ಅಮ್ಮನಿಗೆ ಕಳಿಸಿದೆ, ಒಂದು ಯಜಮಾನರ ಅಂಗಡಿಯ ಗೋಡೆಯ ಮೇಲಿದೆ. ಅವರೇ ಕೇಳಿ ತೆಗೆದುಕೊಂಡದ್ದು. ಈ ನವೆಂಬರಿಗೆ 60 ಚೌಕಟ್ಟಿನ ಬಿದಿರು ಹೇಳಿದ್ದೇನೆ.