ವೀಡ್ ಕಟರ್: ಪೆಟ್ರೋಲಿನದೋ, ಕರೆಂಟಿನದೋ?

ಹುಲ್ಲು ಹೊಡೆಯುವ ಮಷಿನ್ ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ. ಜುಲೈನಲ್ಲಿ ನಿಮ್ಮೂರಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ? ನಮ್ಮದು ಹೊಸನಗರದ ಕಡೆ. ಹುಲ್ಲು ಎದ್ದು ನಿಲ್ಲುವುದೂ ಮಳೆಗಾಲದಲ್ಲೇ, ಮರ ಬಿದ್ದು ಲೈನ್ ಹರಿಯುವುದೂ ಆಗಲೇ.

ಚಕ್ರದ ಲಾನ್ ಮೂವರ್ ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಶಿವಮೊಗ್ಗದ ಲೇಔಟ್ ಮನೆಗಳ ಸಪಾಟು ಹುಲ್ಲಿಗೆ ಅದು ಸರಿ. ನಮಗೆ ಅಂಗಳ ಬಿಟ್ಟರೆ ಎಲ್ಲಾ ದರೆ (ಕಡಿದಾದ ಮಣ್ಣಿನ ಏರು), ಬಸಿಗಾಲುವೆ, ಅಡಿಕೆ ಬುಡ, ಮಧ್ಯೆ ಮಧ್ಯೆ ಕಲ್ಲು. ಹೆಗಲಿಗೆ ಹಾಕಿಕೊಳ್ಳುವ ವೀಡ್ ಕಟರ್ರೇ ಬೇಕು.

ಮೊದಲು ಭಾವನ ಮನೆಯಿಂದ ವೈರಿನ ಮಷಿನ್ ತಂದು ನೋಡಿದೆ. ಮನೆ ಹತ್ತಿರ ಚೆನ್ನಾಗಿಯೇ ಓಡಿತು. ಹೊಗೆ ಇಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಗೋಳಿಲ್ಲ. ತೋಟಕ್ಕೆ ಇಳಿದ ಮೇಲೆ ಅದರ ಬಣ್ಣ ಬಯಲಾಯಿತು. ವೈರ್ ಉದ್ದ ಆದಷ್ಟೂ ವೋಲ್ಟೇಜ್ ಇಳಿಯುತ್ತದೆ, ನಮ್ಮಲ್ಲಿ ಮೊದಲೇ 230 ವೋಲ್ಟ್ ಪೂರ್ತಿ ಬರುವುದು ಅಪರೂಪ, ಹಾಗಾಗಿ ಮೋಟಾರ್ ದಮ್ಮಿಲ್ಲದೆ ತಿರುಗಿ ಬಿಸಿಯಾಗುತ್ತಿತ್ತು. ಅದೂ ಅಲ್ಲದೆ ಒದ್ದೆ ಹುಲ್ಲಲ್ಲಿ ಕರೆಂಟ್ ವೈರ್ ಎಳೆದುಕೊಂಡು ಓಡಾಡುವುದು ಅಂದರೆ ಜೀವದ ಜೊತೆ ಆಟ. ಬೇಡ ಅಂತ ವಾಪಸ್ ಕೊಟ್ಟೆ.

ಬ್ಯಾಟರಿಯದರಲ್ಲಿ ಅಂಗಡಿಯವರು ವೋಲ್ಟ್ ಮಾತ್ರ ಜೋರಾಗಿ ಹೇಳುತ್ತಾರೆ. ನೀವು ಆಂಪಿಯರ್ ಅವರ್ ಎಷ್ಟು ಅಂತಲೂ ಕೇಳಿ, ಎರಡನ್ನೂ ಗುಣಿಸಿದರೆ ಬ್ಯಾಟರಿ ಒಟ್ಟು ಎಷ್ಟು ಕರೆಂಟ್ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ. 36 ವೋಲ್ಟ್, 4 ಆಂಪಿಯರ್ ಅವರ್ ಅಂದರೆ 144 ವಾಟ್ ಅವರ್. ದಪ್ಪ ಹುಲ್ಲಲ್ಲಿ ಮೋಟಾರ್ 400 ವಾಟ್ ಎಳೆದರೆ ಇಪ್ಪತ್ತು ನಿಮಿಷ ಚಿಲ್ಲರೆಗೆ ಮುಗೀತು. 35 ಸಿಸಿ ಪೆಟ್ರೋಲ್ ಇಂಜಿನ್ ಸುಮಾರು 1 ಕಿಲೋವಾಟ್ ಕೊಡುತ್ತದೆ, ಟ್ಯಾಂಕ್ ಖಾಲಿಯಾದರೆ ಮತ್ತೆ ತುಂಬಿಸಿಕೊಂಡು ಹೊರಟರಾಯಿತು. ಬ್ಯಾಟರಿಯನ್ನು ಇನ್ವರ್ಟರಿಗೆ ಹಾಕಿ ಚಾರ್ಜ್ ಮಾಡಬಹುದಲ್ಲ ಅಪ್ಪಯ್ಯ ಅಂದ ಮಗ. ರಾತ್ರಿ ದೀಪಕ್ಕೆ ಉಳಿಸಿದ್ದನ್ನು ಹುಲ್ಲಿಗೆ ಸುರಿದರೆ ಮನೆಯೊಳಗೆ ನಾನು ಕಾಲಿಡುವುದು ಹೇಗೆ ಮಾರಾಯ ಅಂದೆ.

ಹಾಗೆ ಪೆಟ್ರೋಲಿನದೇ ಅಂತಾಯಿತು. ಅದರಲ್ಲೂ ಟೂ ಸ್ಟ್ರೋಕ್ ಬೇಡ ಅಂದೆ. ಅದಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಇಂಜಿನ್ ಒಳಗೆ ಬೇರೆ ಆಯಿಲ್ ಇರುವುದಿಲ್ಲ. ಕಂಪನಿ 50ಕ್ಕೆ 1 ಅಂದಿದ್ದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂದಿದ್ದರೆ 40. ನಾನೇ ಹೊಡೆಯುವುದಾದರೆ ಪರವಾಗಿಲ್ಲ. ಆದರೆ ಕೆಲಸಕ್ಕೆ ಬರುವವರು ಬದಲಾಗುತ್ತಲೇ ಇರುತ್ತಾರೆ, ಯಾರಾದರೂ ಗೊತ್ತಿಲ್ಲದೆ ಬರೀ ಪೆಟ್ರೋಲ್ ಸುರಿದು ಪಿಸ್ಟನ್ ಹಿಡಿದುಕೊಂಡರೆ ಕಥೆ ಮುಗಿದಂತೆ. ಫೋರ್ ಸ್ಟ್ರೋಕಿನಲ್ಲಿ ಆಯಿಲ್ ಬೇರೆಯೇ ಇರುತ್ತದೆ, ಬೆರೆಸುವುದಿಲ್ಲ. ತೂಕ ಸ್ವಲ್ಪ ಜಾಸ್ತಿ, ಆಯಿಲ್ ಮಟ್ಟ ನೋಡಿ ಬದಲಾಯಿಸುತ್ತಿರಬೇಕು, ಆದರೂ ನಮಗೆ ಅದೇ ಸರಿ.

ಪೆಟ್ರೋಲಿನದಕ್ಕೂ ಅದರದೇ ರಗಳೆ ಇದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್. ಅದು ನೀರಿನ ಪಸೆ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅದಕ್ಕೇ ಕ್ಯಾನಿನಲ್ಲಿ ತುಂಬಿಸಿ ತಿಂಗಳುಗಟ್ಟಲೆ ಇಡುವುದಿಲ್ಲ. ಹಂಗಾಮಿನ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸಿ, ಆಮೇಲೆ ಅಟ್ಟಕ್ಕೆ ಹಾಕುತ್ತೇನೆ. ಕಾರ್ಬೊರೇಟರ್ ಕಟ್ಟಿಕೊಳ್ಳುವ ತಲೆನೋವು ಇದರಿಂದ ಎಷ್ಟೋ ಕಡಿಮೆ.

ಹೊಡೆಯುವಾಗ ಕನ್ನಡಕ, ಗಂಬೂಟು ಬೇಕೇ ಬೇಕು (ಇಂಬಳಕ್ಕೆ, ಅಂದರೆ ಜಿಗಣೆಗೆ, ಗಂಬೂಟು ಒಂದು ಅಡ್ಡಿಯೇ ಅಲ್ಲ, ಅದು ಬೇರೆ ವಿಷಯ). ಕಲ್ಲಿರುವ ಕಡೆ ಬ್ಲೇಡ್ ಬಿಚ್ಚಿ ನೈಲಾನ್ ದಾರ ಹಾಕುತ್ತೇನೆ. ಆದರೆ ದಾರವೂ ಎಳೆ ಅಡಿಕೆ ಸಸಿಯ ಬುಡ ಸುಲಿದು ಹಾಕುತ್ತದೆ, ಹಾಗಾಗಿ ಸಸಿ ಸುತ್ತ ಒಂದು ಮೊಳ ಬಿಟ್ಟು ಉಳಿದದ್ದು ಕತ್ತಿಯಲ್ಲೇ. ದರೆಯ ಹುಲ್ಲನ್ನು ಮಣ್ಣು ಕಾಣುವಷ್ಟು ಬೋಳಿಸುವುದಿಲ್ಲ. ಆಷಾಢದ ಮಳೆಗೆ ಮಣ್ಣು ಹಿಡಿದು ನಿಲ್ಲಿಸುವುದು ಆ ಬೇರುಗಳೇ ಅಲ್ವಾ?

ಅಂಗಳಕ್ಕೆ ಮಾತ್ರ ಆಮೇಲೆ ಒಂದು ಸಣ್ಣ ಬ್ಯಾಟರಿ ಮಷಿನ್ ತಂದೆವು. ತುಳಸಿಕಟ್ಟೆ ಸುತ್ತ ಅಮ್ಮನೇ ಹೊಡೆಯುತ್ತಾರೆ. ಹಗುರ, ಸದ್ದೂ ಕಡಿಮೆ, ಅಷ್ಟು ಜಾಗಕ್ಕೆ ಒಂದು ಚಾರ್ಜ್ ಧಾರಾಳ.

ಯಾವುದೇ ತಗೊಳ್ಳಿ, ದುಡ್ಡು ಕೊಡುವ ಮುಂಚೆ ಎರಡು ವಿಚಾರಿಸಿ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನ ಇದೆಯಾ ಅಂತ ಒಂದು. ಬಿಡಿಭಾಗ ಹತ್ತಿರದ ಪೇಟೆಯಲ್ಲೇ ಸಿಗುತ್ತದಾ ಅಂತ ಇನ್ನೊಂದು. ಸುರಿಯುವ ಮಳೆಯಲ್ಲಿ ಒಂದು ಬೇರಿಂಗಿಗೋಸ್ಕರ ಶಿವಮೊಗ್ಗಕ್ಕೆ ಬಸ್ ಹತ್ತಿದರೆ ಆ ದಿನ ಪೂರ್ತಿ ಹೋಯಿತು, ಕೆಲಸಕ್ಕೆ ಬಂದವರ ಸಂಬಳವೂ ಕೊಡಲೇಬೇಕು.