ಕೊಬ್ಬಿನಾಮ್ಲ ಆಲ್ಬುಮಿನ್‌ಗೆ ಎಷ್ಟು ಅಂಟುತ್ತದೆ? ಅಳೆಯುವ ಸರಿಯಾದ ಕ್ರಮ

ರಕ್ತದಲ್ಲಿ ಸಂಚರಿಸುವ ‘ಮುಕ್ತ’ ಕೊಬ್ಬಿನಾಮ್ಲಗಳ (ಎಂದರೆ ಗ್ಲಿಸರಾಲ್‌ಗೆ ಜೋಡಣೆಯಾಗದವುಗಳ) ಪೈಕಿ ಶೇ 99ಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಸಾಗುತ್ತದೆ. ಈ ಬಂಧನವನ್ನು ಪ್ರತಿದೀಪ್ತಿ ಮಾಪಕದಲ್ಲಿ (ಬೆಳಕು ಬಿದ್ದಾಗ ವಸ್ತು ಮರಳಿ ಸೂಸುವ ಬೆಳಕನ್ನು ಅಳೆಯುವ ಉಪಕರಣ) ಅಳೆಯುವುದು ಬಳ್ಳಾರಿ, ರಾಯಚೂರು ಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಕಿರುಯೋಜನೆಗೆ ಆರಿಸಿಕೊಳ್ಳಬಹುದಾದ ಒಳ್ಳೆಯ ವಿಷಯ. ಆದರೆ ಮಾಪಕದ ಮುಂದೆ ಕುಳಿತವರಲ್ಲಿ ಹಲವರು ಅಳೆಯುವುದು ಬಂಧನವನ್ನಲ್ಲ, ನೀರಿನಲ್ಲಿ ಕರಗದೆ ತೇಲುವ ಕೊಬ್ಬಿನ ಕಣಗಳಿಂದ ಚದುರಿದ ಬೆಳಕನ್ನು.

ಅಳತೆಯ ತತ್ವ ಸರಳ. 585 ಅಮೈನೊ ಆಮ್ಲಗಳ ಮಾನವ ಆಲ್ಬುಮಿನ್‌ನಲ್ಲಿ ಟ್ರಿಪ್ಟೊಫಾನ್ ಇರುವುದು ಒಂದೇ, 214ನೆಯ ಸ್ಥಾನದಲ್ಲಿ. 295 ನ್ಯಾನೊಮೀಟರ್ ಬೆಳಕು ಬಿದ್ದಾಗ ಅದು 340ರ ಆಸುಪಾಸಿನಲ್ಲಿ ಬೆಳಗುತ್ತದೆ. ಕೊಬ್ಬಿನಾಮ್ಲ ಬಂದು ಕೂತಂತೆ ಆ ಬೆಳಕಿನ ಪ್ರಮಾಣವೂ ತರಂಗಾಂತರವೂ ಬದಲಾಗುತ್ತವೆ. ಹಸುವಿನ ಆಲ್ಬುಮಿನ್ ಅಗ್ಗವಾದರೂ ಅದರಲ್ಲಿ ಎರಡು ಟ್ರಿಪ್ಟೊಫಾನ್‌ಗಳಿರುವುದರಿಂದ ಯಾವುದು ಬದಲಾಯಿತೆಂದು ಹೇಳಲಾಗದು. ಮಾನವ ಆಲ್ಬುಮಿನ್ ಅನ್ನೇ ಕೊಳ್ಳಿ.

ಮೊದಲ ಹಂತ, ಪ್ರೋಟೀನಿನ ಸಿದ್ಧತೆ. ‘ಫ್ರ್ಯಾಕ್ಷನ್ ಫೈವ್’ ಎಂಬ ಚೀಟಿಯಿರುವ ಡಬ್ಬಿಯ ಪುಡಿಯಲ್ಲಿ ಕೊಬ್ಬಿನಾಮ್ಲ ಮೊದಲೇ ಅಂಟಿಕೊಂಡಿರುತ್ತದೆ. ಕೊಬ್ಬು ತೆಗೆದದ್ದು ಸಿಗದಿದ್ದರೆ 1967ರಲ್ಲಿ ಚೆನ್ ವಿವರಿಸಿದ ವಿಧಾನವೇ ಸಾಕು: ಆಲ್ಬುಮಿನ್‌ನ ಅರ್ಧ ತೂಕದ ಸಕ್ರಿಯ ಇದ್ದಿಲನ್ನು ದ್ರಾವಣಕ್ಕೆ ಬೆರೆಸಿ, ಪಿಎಚ್ 3ಕ್ಕೆ ಇಳಿಸಿ, ಮಂಜುಗಡ್ಡೆಯ ಮೇಲೆ ಒಂದು ತಾಸು ಕಲಕಿ, ಅಪಕೇಂದ್ರಕದಲ್ಲಿ ಇದ್ದಿಲನ್ನು ಬೇರ್ಪಡಿಸಿ, ಪಿಎಚ್ ಅನ್ನು ಮತ್ತೆ 7ಕ್ಕೆ ತರಬೇಕು. ಸಾಂದ್ರತೆಯನ್ನು ತೂಕದಿಂದ ಲೆಕ್ಕ ಹಾಕದೆ 280 ನ್ಯಾನೊಮೀಟರ್ ಹೀರಿಕೆಯಿಂದ ನಿರ್ಧರಿಸಿ. ಅದಕ್ಕೆ ಬೇಕಾದ ಮೋಲಾರ್ ಹೀರಿಕೆ ಗುಣಾಂಕ ಸುಮಾರು 36,000.

ಎರಡನೆಯ ಹಂತ ಕೊಬ್ಬಿನಾಮ್ಲದ ದ್ರಾವಣ, ಕೆಲಸ ಕೆಡುವುದೇ ಇಲ್ಲಿ. ಹೊಸಬರು ಓಲಿಯಿಕ್ ಆಮ್ಲದಿಂದ ಆರಂಭಿಸುವುದು ಉತ್ತಮ. ಅದು ಸುಮಾರು 13 ಡಿಗ್ರಿಯಲ್ಲೇ ಕರಗುವುದರಿಂದ ನಮ್ಮ ಊರಿನಲ್ಲಿ ಹೊರಗಿಟ್ಟರೆ ಸದಾ ದ್ರವವಾಗಿರುತ್ತದೆ. ಪಾಮಿಟಿಕ್ ಆಮ್ಲ ಕರಗಲು 63 ಡಿಗ್ರಿ ಬೇಕು. 2.8 ಮಿಲಿಗ್ರಾಂ ಓಲಿಯಿಕ್ ಆಮ್ಲವನ್ನು 1 ಮಿಲಿಲೀಟರ್ ಶುದ್ಧ ಎಥನಾಲ್‌ನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ದ್ರಾವಣವಾಗುತ್ತದೆ. ಅದನ್ನು ಎಥನಾಲ್‌ನಲ್ಲೇ ಹತ್ತು ಪಟ್ಟು ತೆಳುವಾಗಿಸಿಕೊಳ್ಳಬೇಕು. ಹಳದಿಗೆ ತಿರುಗಿದ, ಕಮಟು ವಾಸನೆಯ ಆಮ್ಲ ಉತ್ಕರ್ಷಣಗೊಂಡಿರುತ್ತದೆ, ಅದನ್ನು ಬಳಸಬಾರದು. ದ್ರಾವಣವನ್ನು ಪ್ಲಾಸ್ಟಿಕ್ ಟ್ಯೂಬಿನಲ್ಲಿಟ್ಟರೆ ಕೊಬ್ಬು ಅದರ ಗೋಡೆಗೆ ಅಂಟುವ ಸಾಧ್ಯತೆಯಿದೆ, ಆದ್ದರಿಂದ ಸಣ್ಣ ಗಾಜಿನ ಸೀಸೆಯೇ ಇರಲಿ. ಏಪ್ರಿಲ್, ಮೇ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಿ ಮುಚ್ಚಳ ತೆರೆದಿಟ್ಟ ಸೀಸೆಯಿಂದ ಎಥನಾಲ್ ಆವಿಯಾಗಿ ಸಾಂದ್ರತೆ ತಾನಾಗಿಯೇ ಏರುತ್ತದೆ. ಸೀಸೆಯನ್ನು ಮಂಜುಗಡ್ಡೆಯ ಮೇಲಿಟ್ಟು, ಪ್ರತಿ ಬಾರಿ ತೆಗೆದ ಕೂಡಲೇ ಮುಚ್ಚಬೇಕು.

ನೀರಿನ ವಿಷಯದಲ್ಲಿ ರಾಜಿ ಬೇಡ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆಯದೆ ಬಿಳಿ ಗಸಿಯಾಗುವುದನ್ನು ನೋಡಿರುತ್ತೀರಿ; ಆ ನೀರಿನ ಕ್ಯಾಲ್ಸಿಯಂ ಬಫರ್‌ಗೆ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣಕ್ಕೆ) ಸೇರಿದರೆ ಓಲಿಯಿಕ್ ಆಮ್ಲಕ್ಕೂ ಅದೇ ಗತಿ. ಇನ್ವರ್ಟರ್ ಬ್ಯಾಟರಿಗೆಂದು ಅಂಗಡಿಯಲ್ಲಿ ಮಾರುವ ನೀರನ್ನು ನಂಬುವುದಕ್ಕಿಂತ ಗಾಜಿನ ಉಪಕರಣದಲ್ಲಿ ಎರಡು ಬಾರಿ ಭಟ್ಟಿ ಇಳಿಸಿದ ನೀರಿನಲ್ಲಿ ಪಿಎಚ್ 7.4ರ ಫಾಸ್ಫೇಟ್ ಬಫರ್ ತಯಾರಿಸಿ. ಕೊಬ್ಬು ಕರಗುತ್ತಿಲ್ಲವೆಂದು ಒಂದು ಹನಿ ಮಾರ್ಜಕ ಹಾಕುವ ಅಡ್ಡದಾರಿಯನ್ನು ಕೆಲವರು ಹಿಡಿಯುತ್ತಾರೆ. ಮಾರ್ಜಕವೂ ಆಲ್ಬುಮಿನ್‌ಗೆ ಅಂಟುವುದರಿಂದ ಆ ದಿನದ ಅಳತೆಯೆಲ್ಲ ವ್ಯರ್ಥ.

ಸೇರಿಸುವ ಕ್ರಮವೂ ಮುಖ್ಯ. ಮೊದಲು ಕ್ವಾರ್ಟ್ಜ್ ಕ್ಯುವೆಟ್‌ನಲ್ಲಿ (ಮಾಪಕದೊಳಗಿಡುವ ಪಾರದರ್ಶಕ ಪುಟ್ಟ ಪಾತ್ರೆ) 1 ಮೈಕ್ರೊಮೋಲಾರ್ ಆಲ್ಬುಮಿನ್ 2 ಮಿಲಿಲೀಟರ್ ಇರಬೇಕು, ಆಮೇಲೆ ಕೊಬ್ಬಿನಾಮ್ಲ. ಬರೀ ಬಫರ್‌ಗೆ ಮೊದಲು ಕೊಬ್ಬು ಹಾಕಿದರೆ ಅದು ಗುಂಪುಗಟ್ಟುತ್ತದೆ. ಪಿಪೆಟ್ಟಿನ ತುದಿಯನ್ನು ದ್ರವದೊಳಗಿಟ್ಟು ಕಲಕುತ್ತಲೇ ಒಂದೊಂದು ಮೈಕ್ರೊಲೀಟರ್ ಬಿಡಿ, ಪ್ರತಿ ಬಾರಿಗೆ 0.5 ಮೈಕ್ರೊಮೋಲಾರ್ ಏರುತ್ತದೆ, ಐದು ನಿಮಿಷ ಕಾಯಿರಿ. ಹನ್ನೆರಡು ಬಾರಿಗೆ ನಿಲ್ಲಿಸಿ. ಆಗ ಎಥನಾಲ್ ಶೇ 0.6ರಷ್ಟಿದ್ದು ಶೇ 1ರ ಮಿತಿಯೊಳಗಿರುತ್ತದೆ. 350 ನ್ಯಾನೊಮೀಟರ್ ಹೀರಿಕೆಯನ್ನು ಜೊತೆಗೇ ನೋಡಿ. ಅಲ್ಲಿ ಆಲ್ಬುಮಿನ್ ಆಗಲಿ ಓಲಿಯಿಕ್ ಆಮ್ಲವಾಗಲಿ ಬೆಳಕನ್ನು ಹೀರುವುದಿಲ್ಲವಾದ್ದರಿಂದ ಓದು ಏರಿತೆಂದರೆ ದ್ರಾವಣ ಮಸುಕಾಗಿದೆ ಎಂದರ್ಥ, ಅದರ ಮುಂದಿನ ಬಿಂದುಗಳನ್ನು ಕೈಬಿಡಬೇಕು.

ಅಳತೆಯ ಹಂತ ಸುಲಭ: ದೀಪ ಅರ್ಧ ತಾಸು ಉರಿದು ಸ್ಥಿರವಾಗಲಿ, ಮಾಪಕಕ್ಕೆ ವೋಲ್ಟೇಜ್ ಸ್ಟೆಬಿಲೈಸರ್ ಇರಲಿ, ಕ್ಯುವೆಟ್ 25 ಡಿಗ್ರಿಯಲ್ಲಿರಲಿ. ಬರೀ ಎಥನಾಲ್ ಸೇರಿಸಿದ ಆಲ್ಬುಮಿನ್‌ನ ಓದನ್ನು ಪ್ರತ್ಯೇಕವಾಗಿ ತೆಗೆದು ಕಳೆಯಿರಿ.

ಲೆಕ್ಕದಲ್ಲಿ ಮತ್ತೊಂದು ಗುಂಡಿಯಿದೆ. ಆಲ್ಬುಮಿನ್‌ನಲ್ಲಿ ಕೊಬ್ಬಿನಾಮ್ಲ ಕೂರುವ ಜಾಗಗಳ, ಎಂದರೆ ತಾಣಗಳ, ಪೈಕಿ ಮೊದಲು ತುಂಬುವವು ಅದನ್ನು ನ್ಯಾನೊಮೋಲಾರ್ ಮಟ್ಟದ ಬಿಗಿತದಲ್ಲಿ ಹಿಡಿಯುತ್ತವೆ. ಪ್ರೋಟೀನ್ 1 ಮೈಕ್ರೊಮೋಲಾರ್ ಇದ್ದಾಗ ಆರಂಭದಲ್ಲಿ ಹಾಕಿದ್ದೆಲ್ಲ ಬಹುಪಾಲು ಅಂಟಿಯೇ ಹೋಗುತ್ತದೆ, ಮುಕ್ತವಾಗಿ, ಎಂದರೆ ಆಲ್ಬುಮಿನ್‌ಗೆ ಅಂಟದೆ, ಉಳಿಯುವುದು ಅತ್ಯಲ್ಪ. ಆದರೂ ಒಟ್ಟು ಕೊಬ್ಬಿನಾಮ್ಲವನ್ನೇ ಮುಕ್ತವೆಂದು ಭಾವಿಸಿ ದ್ವಿ-ಲಾಗ್ ರೇಖೆ (ಎರಡೂ ಅಕ್ಷಗಳಲ್ಲಿ ಲಾಗರಿದಮ್ ಇರುವ ರೇಖೆ) ಎಳೆದು, ‘ತಾಣಗಳ ಸಂಖ್ಯೆ ಒಂದು’ ಎಂದು ಬರೆಯುವುದು ವಾಡಿಕೆಯಾಗಿದೆ. ಸ್ಫಟಿಕ ರಚನೆಗಳಲ್ಲಿ ಕನಿಷ್ಠ ಏಳು ತಾಣಗಳು ಕಂಡಿರುವಾಗ ಆ ಒಂದಕ್ಕೆ ಅರ್ಥವಿಲ್ಲ. ಒಂದೊಂದು ತಾಣದ ಬಿಗಿತ ಬೇಕಿದ್ದರೆ 1958ರಲ್ಲಿ ಗುಡ್‌ಮನ್ ಮಾಡಿದಂತೆ ವಿಕಿರಣಶೀಲ ಕೊಬ್ಬಿನಾಮ್ಲವನ್ನು ಹೆಪ್ಟೇನ್ ಮತ್ತು ನೀರಿನ ನಡುವೆ ಹಂಚಿ ಅಳೆಯಬೇಕಾಗುತ್ತದೆ. ನಿಮ್ಮ ರೇಖಾಚಿತ್ರದಿಂದ ಹೇಳಬಹುದಾದದ್ದು ಟ್ರಿಪ್ಟೊಫಾನ್ ಬೆಳಕಿನ ಬದಲಾವಣೆ ಎಷ್ಟು ಮೋಲ್ ಅನುಪಾತದಲ್ಲಿ ಬಾಗುತ್ತದೆ ಎಂಬುದನ್ನು ಮಾತ್ರ; ವರದಿಯಲ್ಲಿ ಅದನ್ನು ‘ತೋರಿಕೆಯ ಬಂಧನ’ ಎಂದು ಬರೆದು, ಪ್ರೋಟೀನಿನ ಸಾಂದ್ರತೆ, ಉಷ್ಣಾಂಶ, ಎಥನಾಲ್ ಪ್ರಮಾಣಗಳನ್ನು ಪಕ್ಕದಲ್ಲೇ ನಮೂದಿಸಿ.