ಲಿನಕ್ಸ್‌ನಲ್ಲಿ ಚೆಸ್: ನನಗೆ ತಕ್ಕ ಎದುರಾಳಿ ಸಿಕ್ಕಿದ ಬಗೆ

ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪ್ ಒಂದಿದೆ. 4 ಜಿಬಿ ರ್‍ಯಾಮ್, ಚಿಕ್ಕ ಡಿಸ್ಕ್. ಅದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಹಾಕಿಕೊಂಡಿದ್ದೇನೆ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಚೆಸ್ ಆಡಬೇಕು ಅನ್ನುವುದು ನನ್ನ ಆಸೆ. ಇಂಟರ್ನೆಟ್ ಇಲ್ಲದಿದ್ದರೂ ಆಡಲು ಬರಬೇಕು. ಖಾತೆ ತೆರೆಯುವುದು, ಪಾಸ್‌ವರ್ಡ್ ನೆನಪಿಡುವುದು ಬೇಡ. ತೆರೆದ ಕೂಡಲೇ ಮಣೆ ಕಾಣಿಸಬೇಕು, ಅಷ್ಟೇ. ನನಗೆ ಆಟ ತಕ್ಕಮಟ್ಟಿಗೆ ಗೊತ್ತು. ಎರಡು ಮೂರು ಓಪನಿಂಗ್ ಬರುತ್ತವೆ, ಆಮೇಲಿನದೆಲ್ಲ ನಾನೇ ಯೋಚಿಸಿ ಆಡಬೇಕು.

ಮೊದಲು ಹಾಕಿದ್ದು ಗ್ನೋಮ್ ಚೆಸ್. ಡಿಸ್ಕ್‌ನಲ್ಲಿ ಜಾಗ ಉಳಿಸೋಣ ಅಂತ, ಜೊತೆಗೆ ಶಿಫಾರಸು ಮಾಡುವ ಪ್ಯಾಕೇಜ್‌ಗಳು ಬೇಡ ಎಂದು ಆಪ್ಟ್‌ಗೆ (ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಹಾಕಿಕೊಡುವ ಕಮಾಂಡ್) ಹೇಳಿದ್ದೆ. ಕ್ಷಣದಲ್ಲಿ ಇನ್‌ಸ್ಟಾಲ್ ಆಯಿತು. ತೆರೆದರೆ ಚೊಕ್ಕ ಮಣೆ, ಅಂದವಾದ ಕಾಯಿಗಳು. ಆದರೆ ಮೇಲ್ಗಡೆ ಒಂದು ಪಟ್ಟಿಯಲ್ಲಿ ಸಂದೇಶ: ಚೆಸ್ ಎಂಜಿನ್ ಯಾವುದೂ ಇಲ್ಲ, ಕಂಪ್ಯೂಟರ್ ಜೊತೆ ಆಡಲು ಆಗುವುದಿಲ್ಲ. ಆಟ ಹಾಕಿದ್ದೇನೆ, ಆದರೂ ಆಡಲು ಆಗಲ್ಲ ಅಂದರೆ ಏನರ್ಥ? ಇದು ಅರ್ಥವಾಗಲು ನನಗೆ ಒಂದು ಸಂಜೆ ಬೇಕಾಯಿತು. ಅರ್ಥವಾದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ಲಿನಕ್ಸ್‌ನಲ್ಲಿ ಚೆಸ್ ಅಂದರೆ ಸಾಮಾನ್ಯವಾಗಿ ಒಂದೇ ಸಾಫ್ಟ್‌ವೇರ್ ಅಲ್ಲ. ಮಣೆ ತೋರಿಸುವುದು ಒಂದು, ನಡೆ ಯೋಚಿಸುವುದು ಇನ್ನೊಂದು. ಗ್ನೋಮ್ ಚೆಸ್ ಬರೀ ಮಣೆ. ಯೋಚಿಸುವ ಎಂಜಿನ್ ಬೇರೆ ಪ್ಯಾಕೇಜ್: ಸ್ಟಾಕ್‌ಫಿಶ್, ಗ್ನೂ ಚೆಸ್, ಫೇರಿ-ಮ್ಯಾಕ್ಸ್ ಹೀಗೆ ಹಲವು. ಎರಡೂ ಮಾತಾಡಿಕೊಳ್ಳಲು ಒಂದು ಭಾಷೆ ಬೇಕಲ್ವಾ? ಅಂಥವು ಎರಡಿವೆ. ಒಂದು ಎಕ್ಸ್‌ಬೋರ್ಡ್ ಎಂಬ ಇನ್ನೊಂದು ಮಣೆಯ ಸಾಫ್ಟ್‌ವೇರ್ ಜೊತೆ ಬೆಳೆದು ಬಂದ ಹಳೆಯ ಭಾಷೆ. ಇನ್ನೊಂದು 2000ದಲ್ಲಿ ಬಂದ ಯುಸಿಐ. ಇಂದಿನ ಹೆಚ್ಚಿನ ಎಂಜಿನ್‌ಗಳು ಆಡುವುದು ಯುಸಿಐ ಭಾಷೆಯನ್ನೇ.

ಸ್ಟಾಕ್‌ಫಿಶ್ ಹಾಕಿಕೊಂಡು, ಇದು ನಿಜವೇ ನೋಡೋಣ ಅಂತ ಅದನ್ನು ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲೇ ಓಡಿಸಿದೆ. ಕಿಟಕಿ ಇಲ್ಲ, ಮಣೆ ಇಲ್ಲ, ಕರ್ಸರ್ ಸುಮ್ನೆ ಕಾಯುತ್ತಿತ್ತು. ಯುಸಿಐ ಎಂದು ಟೈಪ್ ಮಾಡಿದೆ. ತನ್ನ ಹೆಸರು, ತನ್ನಲ್ಲಿರುವ ಆಯ್ಕೆಗಳನ್ನೆಲ್ಲ ಒಂದೊಂದಾಗಿ ಹೇಳಿ, ಕೊನೆಗೆ ಯುಸಿಐ ಓಕೆ ಅಂದಿತು. ಆರಂಭದ ಸ್ಥಿತಿಯಿಂದ ಇ2ಇ4 (ರಾಜನ ಮುಂದಿನ ಪದಾತಿ ಎರಡು ಮನೆ ಮುಂದೆ) ಆಡಿದ್ದೇನೆ, 10 ನಡೆ ಆಳಕ್ಕೆ ಯೋಚಿಸು ಎಂದು ಅದರ ಭಾಷೆಯಲ್ಲಿ ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಸ್ಟ್‌ಮೂವ್ ಎಂದು ಉತ್ತರ ಬಂತು. ಮಣೆಯ ಸಾಫ್ಟ್‌ವೇರ್ ತೆರೆಮರೆಯಲ್ಲಿ ಮಾಡುವುದು ಇದನ್ನೇ. ಲಿನಕ್ಸ್‌ನಲ್ಲಿ ಚೆಸ್ ಹಾಕುವವರೆಲ್ಲ ಒಮ್ಮೆಯಾದರೂ ಹೀಗೆ ಮಾಡಿ ನೋಡಬೇಕು ಅನ್ನಿಸುತ್ತದೆ. ಮುಂದೆ ಏನಾದರೂ ಕೆಟ್ಟರೆ, ತೊಂದರೆ ಮಣೆಯದ್ದೋ ಎಂಜಿನ್‌ದ್ದೋ ಎಂದು ತಕ್ಷಣ ಗೊತ್ತಾಗುತ್ತದೆ.

ಇಲ್ಲೊಂದು ಚಿಕ್ಕ ವಿಷಯ. ಡೆಬಿಯನ್‌ನಲ್ಲಿ ಸ್ಟಾಕ್‌ಫಿಶ್ ಕೂರುವುದು ಉಳಿದ ಕಮಾಂಡ್‌ಗಳ ಜಾಗದಲ್ಲಲ್ಲ, ಯುಎಸ್‌ಆರ್ ಒಳಗಿನ ಗೇಮ್ಸ್ ಫೋಲ್ಡರ್‌ನಲ್ಲಿ. ಎಂಜಿನ್ ಎಲ್ಲಿದೆ ಎಂದು ಕೇಳುವ ಸಾಫ್ಟ್‌ವೇರ್‌ಗೆ ಆ ದಾರಿಯನ್ನೇ ಕೊಡಬೇಕು.

ಎಂಜಿನ್ ಬಂದ ಮೇಲೆ ಗ್ನೋಮ್ ಚೆಸ್ ಅದನ್ನು ತಾನಾಗಿಯೇ ಗುರುತಿಸಿತು. ಸುಲಭ, ಸಾಧಾರಣ, ಕಠಿಣ ಎಂದು ಮೂರೇ ಮಟ್ಟ. ನಡೆ ಹಿಂದಕ್ಕೆ ಪಡೆಯಬಹುದು. ಒಂದು ಕಾಯಿ ಮುಟ್ಟಿದರೆ ಅದು ಯಾವ ಮನೆಗಳಿಗೆ ಹೋಗಬಹುದು ಎಂದು ತೋರಿಸುತ್ತದೆ. ಸರಳತೆಯ ಮಾತು ಬಂದರೆ ಇದನ್ನು ಮೀರಿಸುವುದು ಕಷ್ಟ. ಈಗಷ್ಟೇ ಆಟ ಕಲಿಯುವ ಮಕ್ಕಳಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ನನ್ನ ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. ಕಠಿಣ ಮಟ್ಟದಲ್ಲಿ ಸ್ಟಾಕ್‌ಫಿಶ್ ಎದುರು ಕೂತರೆ 20 ನಡೆಗಳಲ್ಲಿ ನನ್ನ ಕಥೆ ಮುಗಿಯುತ್ತಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ. 1997ರಲ್ಲಿ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಲು ದೊಡ್ಡ ಯಂತ್ರವೇ ಬೇಕಾಗಿತ್ತು. ಇಂದು ಲ್ಯಾಪ್‌ಟಾಪ್ ಮೇಲಿನ ಸ್ಟಾಕ್‌ಫಿಶ್ ಎದುರು ವಿಶ್ವ ಚಾಂಪಿಯನ್ ಕೂಡ ನಿಲ್ಲುವುದಿಲ್ಲ. ಸರಿ, ಸುಲಭ ಮಟ್ಟಕ್ಕೆ ಇಳಿಸಿದೆ. ಆಗ ಆಟ ವಿಚಿತ್ರವಾಯಿತು. ಹತ್ತು ನಡೆ ತುಂಬಾ ಚೆನ್ನಾಗಿ ಆಡಿ, ಹನ್ನೊಂದನೆಯದರಲ್ಲಿ ಕುದುರೆಯನ್ನು ಸುಮ್ನೆ ನನ್ನ ಕೈಗೆ ಕೊಟ್ಟುಬಿಡುತ್ತಿತ್ತು. ಗೆದ್ದರೂ ಖುಷಿ ಆಗುತ್ತಿರಲಿಲ್ಲ.

ಕಾರಣ ಹುಡುಕಿದೆ. ಸ್ಟಾಕ್‌ಫಿಶ್‌ನಲ್ಲಿ ಸ್ಕಿಲ್ ಲೆವೆಲ್ ಎಂಬ ಆಯ್ಕೆ ಇದೆ, 0ಯಿಂದ 20ರವರೆಗೆ. ಕಡಿಮೆ ಇಟ್ಟರೆ ಅದು ಕೆಲವು ಒಳ್ಳೆಯ ನಡೆಗಳನ್ನು ಹುಡುಕಿಟ್ಟುಕೊಂಡು, ಅವುಗಳಲ್ಲಿ ಒಮ್ಮೊಮ್ಮೆ ಬೇಕಂತಲೇ ಕೆಳಗಿನದನ್ನು ಆರಿಸುತ್ತದೆ. ಮನುಷ್ಯ ತಪ್ಪುವುದು ಹಾಗಲ್ಲ. ನಾವು ತಪ್ಪುವುದು ಮುಂದಿನದು ಕಾಣದೇ ಇದ್ದಾಗ. ನನಗೆ ಬೇಕಿದ್ದದ್ದು ಬೇಕಂತಲೇ ಸೋಲುವ ಎದುರಾಳಿ ಅಲ್ಲ, ನನ್ನಷ್ಟೇ ದೂರ ನೋಡುವ ಎದುರಾಳಿ.

ಅದು ಸಿಕ್ಕಿದ್ದು ಎಕ್ಸ್‌ಬೋರ್ಡ್‌ನಲ್ಲಿ. ಇದು ತುಂಬಾ ಹಳೆಯ ಸಾಫ್ಟ್‌ವೇರ್. ಮೊದಲು ಗ್ನೂ ಚೆಸ್ ಎಂಜಿನ್‌ಗೆ ಮಣೆಯಾಗಿ ಹುಟ್ಟಿದ್ದು. ಆ ಗ್ನೂ ಚೆಸ್ 1984ರಷ್ಟು ಹಿಂದಿನದು. ಎಕ್ಸ್‌ಬೋರ್ಡ್‌ನ ಮೆನುಗಳು ಇಂದಿನ ಕಣ್ಣಿಗೆ ಹಳೆಯದಾಗಿ ಕಾಣುತ್ತವೆ, ಆಯ್ಕೆಗಳೂ ಜಾಸ್ತಿ. ಮೊದಲ ನೋಟಕ್ಕೆ ಸರಳ ಅನ್ನಿಸುವುದಿಲ್ಲ, ನಿಜ. ಆದರೆ ಬಹಳ ಹಗುರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒತ್ತಿದ ಕೂಡಲೇ ತೆರೆಯುತ್ತದೆ. ಅದರ ಜೊತೆ ಫೇರಿ-ಮ್ಯಾಕ್ಸ್ ಎಂಬ ಪುಟ್ಟ ಎಂಜಿನ್ ಹಾಕಿಕೊಂಡೆ.

ಎಕ್ಸ್‌ಬೋರ್ಡ್ ಶುರು ಮಾಡುವಾಗ ಡೆಪ್ತ್ ಎಂಬ ಆಯ್ಕೆ ಕೊಟ್ಟು ಪಕ್ಕದಲ್ಲಿ 2 ಎಂದು ಬರೆದರೆ, ಎಂಜಿನ್ ತನ್ನ ಒಂದು ನಡೆ, ಅದಕ್ಕೆ ನನ್ನ ಒಂದು ಉತ್ತರ, ಇಷ್ಟನ್ನೇ ಯೋಚಿಸುತ್ತದೆ. ಕಾಯಿ ಹೊಡೆದಾಟ ನಡೆಯುತ್ತಿದ್ದರೆ ಮಾತ್ರ ಅದು ತಣ್ಣಗಾಗುವವರೆಗೆ ಸ್ವಲ್ಪ ಮುಂದಕ್ಕೂ ನೋಡುತ್ತದೆ. ಹಾಗಾಗಿ ಆನೆಯನ್ನೋ ಒಂಟೆಯನ್ನೋ ಪುಕ್ಕಟೆ ಕೊಡುವುದಿಲ್ಲ. ನಾನು ಕೊಟ್ಟರೆ ಬಿಡುವುದೂ ಇಲ್ಲ. ಆದರೆ ನಾನು ಮೊದಲು ಒಂದು ಸದ್ದಿಲ್ಲದ ನಡೆ ಆಡಿ, ಮುಂದಿನದರಲ್ಲಿ ಕುದುರೆಯಿಂದ ರಾಜನಿಗೂ ಮಂತ್ರಿಗೂ ಒಟ್ಟಿಗೆ ಏಟು ಹಾಕುವ ಹೊಂಚು ಹಾಕಿದರೆ ಅದಕ್ಕೆ ಕಾಣುವುದಿಲ್ಲ. ಮೊದಲ ಸಲ ಈ ರೀತಿ ಗೆದ್ದಾಗ ನಿಜಕ್ಕೂ ಎದ್ದು ನಿಂತುಬಿಟ್ಟೆ. ಆ ಗೆಲುವು ಯಾರೂ ಬಿಟ್ಟುಕೊಟ್ಟದ್ದಲ್ಲ, ನಾನು ಒಂದು ನಡೆ ಮುಂದೆ ನೋಡಿದ್ದರಿಂದ ಬಂದದ್ದು.

ಡೆಪ್ತ್ 2ರಲ್ಲಿ ಹತ್ತಕ್ಕೆ ಏಳು ಆಟ ಗೆಲ್ಲುವವರೆಗೂ ಅಲ್ಲೇ ಇದ್ದೆ. ಆಮೇಲೆ 3ಕ್ಕೆ ಹೋದೆ. ಒಂದೇ ಒಂದು ಅಂಕಿ, ಆದರೆ ಅಂತರ ದೊಡ್ಡದು. ಈಗ ಅದು ತನ್ನ ಎರಡನೇ ನಡೆಯನ್ನೂ ಲೆಕ್ಕ ಹಾಕಿಕೊಂಡೇ ಮೊದಲನೆಯದನ್ನು ಆಡುತ್ತದೆ. ನಾನು ಹಾಕುತ್ತಿದ್ದ ಹೊಂಚನ್ನು ಅದು ನನಗೇ ಹಾಕತೊಡಗಿತು.

ಎಕ್ಸ್‌ಬೋರ್ಡ್‌ನಲ್ಲಿ ನನಗೆ ಇಷ್ಟವಾದ ಇನ್ನೊಂದು ಸಂಗತಿ, ಎರಡು ಎಂಜಿನ್‌ಗಳನ್ನು ಎದುರುಬದುರು ಕೂರಿಸಿ ಆಡಿಸಬಹುದು. ಕೆಲಸ ಮಾಡುತ್ತಾ ಪಕ್ಕದಲ್ಲಿ ಆ ಆಟ ಓಡಲು ಬಿಡುತ್ತೇನೆ. ಆಗಾಗ ಕಣ್ಣು ಹಾಯಿಸಿ, ಬಿಳಿ ಮುಂದೆ ಏನು ಆಡಬಹುದು ಎಂದು ಊಹಿಸುತ್ತೇನೆ.

ಪೈಚೆಸ್ ಎಂಬ ಇನ್ನೊಂದು ಚೆಸ್ ಸಾಫ್ಟ್‌ವೇರ್ ಕೂಡ ಹಾಕಿ ನೋಡಿದೆ. ಪೈಥಾನ್‌ನಲ್ಲಿ ಬರೆದದ್ದು, ನನ್ನ ಯಂತ್ರದಲ್ಲಿ ತೆರೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ದಿನಾ ಆಡಲು ನಾನು ಬಳಸುವುದಿಲ್ಲ. ಆದರೆ ಸೋತ ಆಟವನ್ನು ತಿರುಗಿ ನೋಡಲು ಅದರಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ. ಆಟ ಮುಗಿದ ಮೇಲೆ ಎಕ್ಸ್‌ಬೋರ್ಡ್‌ನಿಂದ ಪಿಜಿಎನ್ ಫೈಲ್ ಆಗಿ ಉಳಿಸುತ್ತೇನೆ. ಅದು ಬರೀ ಪಠ್ಯ ಫೈಲ್, ಯಾವ ಚೆಸ್ ಸಾಫ್ಟ್‌ವೇರ್‌ನಲ್ಲಾದರೂ ತೆರೆಯುತ್ತದೆ. ಪೈಚೆಸ್‌ನಲ್ಲಿ ತೆರೆದು ಸ್ಟಾಕ್‌ಫಿಶ್‌ನಿಂದ ಅಳೆಸಿದರೆ, ಯಾವ ನಡೆಯಲ್ಲಿ ಯಾರು ಎಷ್ಟು ಮುಂದಿದ್ದರು ಎಂಬ ಗೆರೆ ಬರುತ್ತದೆ. ಗೆರೆ ಎಲ್ಲಿ ಧಡಕ್ಕನೆ ಬೀಳುತ್ತದೋ ಅಲ್ಲಿ ನಿಂತು ಯೋಚಿಸುತ್ತೇನೆ. ಸ್ಟಾಕ್‌ಫಿಶ್‌ನ ಪೂರ್ತಿ ಬಲ ನನಗೆ ಉಪಯೋಗಕ್ಕೆ ಬಂದಿದ್ದು ಹೀಗೆ, ಎದುರಾಳಿಯಾಗಿ ಅಲ್ಲ, ಆಟ ಮುಗಿದ ಮೇಲೆ ಪಕ್ಕದಲ್ಲಿ ಕೂತು ತಪ್ಪು ತೋರಿಸುವವರಾಗಿ.

ಡ್ರೀಮ್‌ಚೆಸ್‌ನ ಮೂರು ಆಯಾಮದ ಮಣೆ ನೋಡಲು ಚೆಂದ, ಸ್ವಂತ ಎಂಜಿನ್ ಕೂಡ ಇದೆ. ಆದರೆ ಓರೆಯಾಗಿ ಕಾಣುವ ಕಾಯಿಗಳು ನನ್ನ ಕಣ್ಣಿಗೆ ಒಗ್ಗಲಿಲ್ಲ. ಸ್ಕಿಡ್ ಸಾವಿರಾರು ಆಟಗಳ ಸಂಗ್ರಹ ಇಟ್ಟುಕೊಂಡು ಅಭ್ಯಾಸ ಮಾಡುವವರಿಗೆ. ನನಗೆ ಈಗಲೇ ಬೇಡ.

ಈಗ ಉಳಿಸಿಕೊಂಡಿರುವುದು ಎಕ್ಸ್‌ಬೋರ್ಡ್, ಫೇರಿ-ಮ್ಯಾಕ್ಸ್, ಪೈಚೆಸ್ ಮತ್ತು ಸ್ಟಾಕ್‌ಫಿಶ್. ಡೆಪ್ತ್ ಬರೆದ ಆ ಒಂದು ಸಾಲಿನ ಕಮಾಂಡ್ ಅನ್ನು ಡೆಸ್ಕ್‌ಟಾಪ್ ಮೇಲೆ ಐಕಾನ್ ಮಾಡಿಟ್ಟುಕೊಂಡಿದ್ದೇನೆ. ಕಳೆದ ವಾರ ಅದರಲ್ಲಿನ 3ನ್ನು ಅಳಿಸಿ 4 ಬರೆದೆ. ಇಲ್ಲಿಯವರೆಗೆ ಆರು ಆಟ ಆಡಿದ್ದೇನೆ, ಒಂದು ಡ್ರಾ, ಐದು ಸೋಲು. ಆ ಡ್ರಾದ ಪಿಜಿಎನ್ ಫೈಲ್ ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ.